ನಾಲ್ಕನೇ ಕ್ಲಾಸಿಗೆ ಬಂದರೂ ಓದು ಬಂದಿಲ್ಲ, ಇದನ್ನು ಯಾರ ಹತ್ತಿರ ಹೇಳಿಕೊಳ್ಳೋದು?

ಸೀಮೆಸುಣ್ಣ (ಮಂಗಳವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ತುಮಕೂರು ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿ 12 ವರ್ಷ.

ನಾಲ್ಕರಲ್ಲಿ ಒಬ್ಬ ಹುಡುಗ ಇದ್ದಾನೆ. ಬೋರ್ಡ್ ನೋಡಿ ಬರೆದರೆ ಮುತ್ತಿನಂಥ ಅಕ್ಷರ. ಪಾಠ ಓದು ಅಂದರೆ ಬೆರಳಿಟ್ಟುಕೊಂಡು ಗಡಗಡ ಓದುತ್ತಾನೆ. ಜೂನ್‌ನಿಂದ ನಾನು ಅವನನ್ನು ‘ಓದುವ ಮಕ್ಕಳ’ ಪಟ್ಟಿಯಲ್ಲೇ ಇಟ್ಟಿದ್ದೆ. ಕಳೆದ ವಾರ ಸುಮ್ನೆ ಅವನ ಹಿಂದೆ ಹೋಗಿ ನಿಂತೆ. ಬಾಯಲ್ಲಿ ಮೂರನೇ ಪಾಠ ಬರುತ್ತಿದೆ, ಬೆರಳು ಐದನೇ ಪಾಠದ ಪುಟದ ಮೇಲಿದೆ. ಪುಸ್ತಕ ಪೂರ್ತಿ ಬಾಯಿಪಾಠ! ಒಂದು ಹೊಸ ಸಾಲು ಬರೆದು ತೋರಿಸಿದೆ. ತಲೆ ತಗ್ಗಿಸಿದ. ಅವನಿಗಿಂತ ಜಾಸ್ತಿ ನಾಚಿಕೆ ಆಗಿದ್ದು ನನಗೆ.

ಆಮೇಲೆ ಎಲ್ಲರನ್ನೂ ಹೀಗೇ ಒಬ್ಬೊಬ್ಬರಾಗಿ ಕೂರಿಸಿ ನೋಡಿದೆ. 17 ಮಕ್ಕಳಲ್ಲಿ 6 ಮಕ್ಕಳಿಗೆ ಓದು ಬಂದಿಲ್ಲ.

ನನ್ನ ಸಮಸ್ಯೆ ಇದಷ್ಟೇ ಅಲ್ಲ. ಇದನ್ನು ಹೇಳಿಕೊಳ್ಳಲು ಜಾಗವೇ ಇಲ್ಲ. ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಹೇಳಿದರೆ ‘ಹಾಗಾದರೆ ಇಷ್ಟು ದಿನ ನೀವೇನು ಮಾಡುತ್ತಿದ್ದಿರಿ’ ಅಂತ ಬರುತ್ತೆ. ವಾಟ್ಸಾಪ್ ಗುಂಪಿನಲ್ಲಿ 140 ಜನ ಇದ್ದೇವೆ. ಅಲ್ಲಿ ಬರುವುದು ‘ಮಾಹಿತಿ ಇಂದೇ ಕಳುಹಿಸಿ’, ಕಾರ್ಯಕ್ರಮದ ಫೋಟೋ, ಬೆಳಗ್ಗೆ ಗುಲಾಬಿ ಹೂವು. ಮಗು ಓದುತ್ತಿಲ್ಲ ಅಂತ ಅಲ್ಲಿ ಯಾರೂ ಬರೆದಿದ್ದು ನಾನು ನೋಡಿಲ್ಲ. ಎಲ್ಲರ ಶಾಲೆಯಲ್ಲೂ ಎಲ್ಲ ಮಕ್ಕಳೂ ಓದುತ್ತಿದ್ದಾರಾ?

ಹಳೇ ತಟ್ಟೆ (ಮಂಗಳವಾರ, ರಾತ್ರಿ 10:15)

ಮೇಡಂ, ಹಿಂದೆ ನಿಂತು ನೋಡಿದಿರಲ್ಲ, ಅದೇ ದೊಡ್ಡದು. ನನಗೆ ಇನ್ನು ಎರಡು ವರ್ಷಕ್ಕೆ ನಿವೃತ್ತಿ. ಬಾಯಿಪಾಠ ಹೇಳಿ ನನ್ನ ಕಣ್ಣಿಗೆ ಮಣ್ಣು ಹಾಕಿದ ಮಕ್ಕಳು ಎಷ್ಟಿದ್ದಾರೋ ಲೆಕ್ಕ ಇಟ್ಟಿಲ್ಲ.

ಒಂದು ಹಳೇ ಮಾತು ಹೇಳುತ್ತೇನೆ. ನಲಿ-ಕಲಿ, ಅಂದರೆ ಆಟ, ಹಾಡು, ಕಾರ್ಡು ಇಟ್ಟುಕೊಂಡು ಚಿಕ್ಕ ಮಕ್ಕಳಿಗೆ ಕಲಿಸುವ ಪದ್ಧತಿ, ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ನಾನು ಪಕ್ಕದ ತಾಲ್ಲೂಕಿನವನು, ಆ ತಂಡದಲ್ಲಿ ಇರಲಿಲ್ಲ, ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ ಅಷ್ಟೇ. ಅಲ್ಲಿನ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದರು. ಬಂದು ಕಾರ್ಡು, ಹಾಡು, ಆಟ ಎಲ್ಲ ತಾವೇ ಕೂತು ಮಾಡಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ನಮ್ಮ ಕೈಗೆ ಬರುವ ಹೊತ್ತಿಗೆ ಕಾರ್ಡು ಮುದ್ರಣವಾಗಿ ಬಂತು, ಕಲಿಕೆಯ ಹಂತ ತೋರಿಸುವ ಏಣಿ ಬಂತು, ಮಕ್ಕಳನ್ನು ಗುಂಪಾಗಿ ಕೂರಿಸುವ ತಟ್ಟೆ ಬಂತು, ಅವರು ಮಾಡಿದ್ದನ್ನು ನೇತುಹಾಕುವ ಚಪ್ಪರ ಬಂತು. ಅದನ್ನು ಮಾಡಿದವರ ಜಗಳ, ‘ಈ ಕಾರ್ಡು ನನ್ನ ಕ್ಲಾಸಿನಲ್ಲಿ ನಡೆಯಲಿಲ್ಲ ಕಣ್ರೀ’ ಅನ್ನುವ ಮಾತು ಮಾತ್ರ ಬರಲಿಲ್ಲ. ಸಭೆ ಉಳಿಯಿತು, ಜಗಳ ಹೋಯಿತು.

ಹುಡುಗನ ವಿಷಯಕ್ಕೆ ಬರೋಣ. ಅ ಆ ಇ ಈಯಿಂದ ಮತ್ತೆ ಶುರು ಮಾಡಬೇಡಿ. ಅದೂ ಅವನಿಗೆ ಬಾಯಿಪಾಠ ಇರುತ್ತೆ. ರ ಗ ಸ ದ ಅ ಹಿಡಿಯಿರಿ. ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಬರುತ್ತೆ. ಒಂದು ವಾರ ಸಾಕು.

ಒತ್ತಕ್ಷರ (ಮಂಗಳವಾರ, ರಾತ್ರಿ 10:50)

ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಒಪ್ಪುವುದಿಲ್ಲ. ಅವನು ಎಲ್ಲಿ ಬೀಳುತ್ತಿದ್ದಾನೆ ಅಂತ ಗೊತ್ತಾಗದೆ ರ ಗ ಸ ದ ಅ ಕೊಟ್ಟರೆ, ನಾಲ್ಕನೇ ಕ್ಲಾಸಿನ ಹುಡುಗನಿಗೆ ಒಂದನೇ ಕ್ಲಾಸಿನ ಕಾರ್ಡು ಹಿಡಿಸಿದ ಹಾಗೆ. ಪಕ್ಕದವರು ನಗುತ್ತಾರೆ, ಅವನು ಮಾರನೇ ದಿನ ಶಾಲೆಗೇ ಬರಲ್ಲ.

ಮೊದಲು ಮೂರು ಚೀಟಿ ಮಾಡಿ. ಒಂದರಲ್ಲಿ ಬರೀ ಮೂಲಾಕ್ಷರದ ಪದಗಳು, ಎರಡನೆಯದರಲ್ಲಿ ಕಾಗುಣಿತ ಇರುವ ಪದಗಳು, ಮೂರನೆಯದರಲ್ಲಿ ಒತ್ತು ಇರುವ ಪದಗಳು. ಯಾವುದೂ ಪಾಠದ ಪುಸ್ತಕದಿಂದ ಬೇಡ. ಅವನು ಏನು ಓದಿದನೋ ಅದನ್ನೇ ಪಕ್ಕದಲ್ಲಿ ಬರೆದುಕೊಳ್ಳಿ. ಸರಿ-ತಪ್ಪು ಗುರುತು ಹಾಕಬೇಡಿ. ‘ಕಿವಿ’ಯನ್ನು ‘ಕವಿ’ ಅಂದನಾ, ‘ಕೀವಿ’ ಅಂದನಾ? ಎರಡಕ್ಕೂ ಮದ್ದು ಬೇರೆ.

ನಮ್ಮ ಲಿಪಿಯಲ್ಲಿ ಅಂದಂತೆ ಬರೆಯಬಹುದು, ಬರೆದಂತೆ ಓದಬಹುದು, ಆದ್ದರಿಂದ ಸುಲಭ ಅಂತ ನಾವೆಲ್ಲ ಹೆಮ್ಮೆಪಡುತ್ತೇವೆ. ಮಗುವಿನ ಕಡೆಯಿಂದ ನೋಡಿ. 34 ವ್ಯಂಜನ, ಒಂದೊಂದಕ್ಕೂ ಕ ಕಾ ಕಿ ಕೀಯಿಂದ ಕಃವರೆಗೆ 15 ರೂಪ, ಒಟ್ಟು 510 ಆಯಿತು. ಒತ್ತು ಇನ್ನೂ ಹಾಕಿಲ್ಲ! ಅದರಲ್ಲೂ ಕೊಂಬು ಎಲ್ಲ ಅಕ್ಷರಕ್ಕೂ ಒಂದೇ ಜಾಗದಲ್ಲಿ ಕೂರಲ್ಲ. ‘ಕು’ಗೆ ಪಕ್ಕದಲ್ಲಿ, ‘ಪು’, ‘ವು’ಗೆ ಕೆಳಗೆ. ‘ವ’ಗೂ ಪಕ್ಕದಲ್ಲೇ ಹಾಕಿದರೆ ಅದು ‘ಮ’ ಥರ ಕಾಣುತ್ತೆ. ಇದನ್ನು ಯಾವ ಮಗುವಿಗೆ ನಾವು ಬಿಡಿಸಿ ಹೇಳಿದ್ದೇವೆ? ನಾನಂತೂ ಏಳು ವರ್ಷ ಹೇಳಿರಲಿಲ್ಲ.

ಹಳೇ ತಟ್ಟೆ (ಮಂಗಳವಾರ, ರಾತ್ರಿ 11:05)

ನಮ್ಮ ಮೇಷ್ಟ್ರು ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಅಂತ ರಾಗವಾಗಿ ಹೇಳಿಸುತ್ತಿದ್ದರು. ಅದರಲ್ಲೇ ಕೊಂಬು, ವಟ್ರುಸುಳಿ, ಏತ್ವ ಎಲ್ಲ ಗೊತ್ತಾಗುತ್ತಿತ್ತು. ಅದನ್ನು ಹಳೇ ಪದ್ಧತಿ ಅಂತ ಬಿಟ್ಟವರು ನೀವೇ ತಾನೇ. ಇರಲಿ, ಚೀಟಿ ವಿಷಯ ಸರಿ ಇದೆ. ಒಪ್ಪಿದೆ. ಮಲಗುತ್ತೇನೆ.

ಬೆಲ್ ಹೊಡೀತು (ಬುಧವಾರ, ಬೆಳಗ್ಗೆ 6:30)

ಇದೆಲ್ಲ ಮೇಲಿನ ಮಾತು. ಮನೆಯಲ್ಲಿ ಪುಸ್ತಕ ಮುಟ್ಟಲ್ಲ, ಕೈಯಲ್ಲಿ ಮೊಬೈಲು. ಪೋಷಕರಿಗೆ ಕಾಳಜಿ ಇಲ್ಲದಿದ್ದರೆ ನಾವು ತಲೆಕೆಳಗಾಗಿ ನಿಂತರೂ ಅಷ್ಟೇ.

ತಾಂಡಾ ದಾರಿ (ಬುಧವಾರ, ಬೆಳಗ್ಗೆ 7:10)

ಸರ್, ನಮ್ಮೂರಿಗೆ ಬಂದು ಹೇಳಿ ಈ ಮಾತು. ನಾನು ಯಾದಗಿರಿ ಕಡೆ. ನನ್ನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ತಾಂಡಾದವರು. ಮನೆಯಲ್ಲಿ ಲಂಬಾಣಿ ಮಾತು. ಕನ್ನಡ ಅವರ ಕಿವಿಗೆ ಸರಿಯಾಗಿ ಬೀಳುವುದೇ ಶಾಲೆಗೆ ಬಂದ ಮೇಲೆ. ದೀಪಾವಳಿ ಮುಗಿಯುತ್ತಲೇ ಅಪ್ಪ-ಅಮ್ಮ ದುಡಿಯಲು ಊರು ಬಿಡುತ್ತಾರೆ, ಎಷ್ಟೋ ಮಕ್ಕಳು ಜೊತೆಗೇ ಹೋಗುತ್ತವೆ. ಇನ್ನು ಕೆಲವು ಅಜ್ಜಿ ಹತ್ತಿರ ಉಳಿಯುತ್ತವೆ. ಆ ಅಜ್ಜಿಗೆ ಕಾಳಜಿ ಇಲ್ಲ ಅಂತ ನಾನು ಹೇಳಲಾರೆ, ಆಕೆ ದಿನಾ ಬಂದು ಕಿಟಕಿಯಿಂದ ನೋಡಿ ಹೋಗುತ್ತಾಳೆ.

ಸೀಮೆಸುಣ್ಣ ಅಕ್ಕೋರೆ, ನನ್ನದೂ ಒಂದು ಕತೆ ಕೇಳಿ. ಚಿತ್ರದ ಕಾರ್ಡಿನಲ್ಲಿ ‘ಈರುಳ್ಳಿ’ ಅಂತ ಬರೆದಿತ್ತು. ಒಂದು ಹುಡುಗಿ ಅದನ್ನು ನೋಡಿ ‘ಉಳ್ಳಾಗಡ್ಡಿ’ ಅಂತ ಓದಿದಳು. ಇದಕ್ಕೆ ನಾನು ಸರಿ ಹಾಕಬೇಕೋ ತಪ್ಪು ಹಾಕಬೇಕೋ? ಆ ದಿನ ಯಾರನ್ನು ಕೇಳಬೇಕು ಅಂತಲೇ ತಿಳಿಯಲಿಲ್ಲ. ನಗಬೇಡಿ.

ಮಳೆಗಾಲದ ರಜೆ (ಬುಧವಾರ, ಬೆಳಗ್ಗೆ 7:25)

ನಗು ಬಂತು ಮಾರಾಯ್ರೆ, ಕ್ಷಮಿಸಿ. ನಮ್ಮ ಪುತ್ತೂರು ಕಡೆ ಆಗಿದ್ದರೆ ‘ನೀರುಳ್ಳಿ’ ಅಂತ ಓದುತ್ತಿದ್ದಳು.

ಒತ್ತಕ್ಷರ (ಬುಧವಾರ, ಮಧ್ಯಾಹ್ನ 1:20)

ಬಿಸಿಯೂಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಉಳ್ಳಾಗಡ್ಡಿ ತಮಾಷೆ ಅಲ್ಲ, ಇಡೀ ವಿಷಯವೇ ಅಲ್ಲಿದೆ. ಆ ಹುಡುಗಿಗೆ ಅರ್ಥ ಗೊತ್ತು, ಅಕ್ಷರ ಓದಿಲ್ಲ. ಚಿತ್ರ ಓದಿದಳು. ತಾಂಡಾದ ಇನ್ನೊಂದು ಮಗು ‘ಈ-ರು-ಳ್ಳಿ’ ಅಂತ ಬಿಡಿಸಿ ಸರಿಯಾಗಿ ಓದಬಹುದು, ಆದರೆ ಅದು ಏನು ಅಂತ ಗೊತ್ತಿಲ್ಲದೆ ಸುಮ್ನೆ ಕೂರಬಹುದು. ಇಬ್ಬರಿಗೂ ನಾವು ‘ಓದಲು ಬಾರದವರು’ ಅಂತ ಒಂದೇ ಹೆಸರು ಕೊಡುತ್ತೇವೆ. ಒಬ್ಬಳಿಗೆ ಅಕ್ಷರ ಕೊಡಬೇಕು, ಇನ್ನೊಬ್ಬಳಿಗೆ ಮಾತು ಕೊಡಬೇಕು.

ನಾನಾಗಿದ್ದರೆ ಹೌದಮ್ಮ, ಉಳ್ಳಾಗಡ್ಡಿನೇ, ಇದನ್ನು ಕೆಲವು ಕಡೆ ಈರುಳ್ಳಿ ಅಂತಾರೆ ಅಂತ ಹೇಳಿ, ಚಿತ್ರದ ಮೇಲೆ ಕೈ ಮುಚ್ಚಿ ಮತ್ತೆ ಓದಿಸುತ್ತಿದ್ದೆ.

ಮೂರನೇ ಬೆಂಚು (ಬುಧವಾರ, ಮಧ್ಯಾಹ್ನ 1:45)

ಮಂಡ್ಯ ಕಡೆಯವಳು ನಾನು. ನಮ್ಮ ಮಕ್ಕಳು ‘ಹಾಲು’ ಅಂತ ಇರುವುದನ್ನು ‘ಆಲು’ ಅಂತಲೇ ಓದುತ್ತಾರೆ. ಮೊದಮೊದಲು ಪ್ರತಿ ಸಲ ತಿದ್ದುತ್ತಿದ್ದೆ. ಆ ಮಗು ಮುಂದಿನ ಪದ ಓದುವುದನ್ನೇ ನಿಲ್ಲಿಸಿತು. ಅದು ಓದಿದ್ದು ಸರಿ, ನಾಲಿಗೆ ಊರಿನದು. ಓದುವಾಗ ತಿದ್ದಲ್ಲ ಈಗ. ಬರೆಯುವಾಗ ಮಾತ್ರ ಹೇಳುತ್ತೇನೆ.

ಬೆಲ್ ಹೊಡೀತು (ಬುಧವಾರ, ಸಂಜೆ 5:50)

ಪೋಷಕರ ವಿಷಯದಲ್ಲಿ ದುಡುಕಿದೆ, ತಾಂಡಾ ದಾರಿಯವರೇ ಬೇಸರ ಮಾಡಿಕೊಳ್ಳಬೇಡಿ. ಆದರೆ ಒಂದು ಮಾತು ಹೇಳಲೇಬೇಕು. ಈಗ ಎಲ್ಲರೂ ಸೇರಿ ‘ನಾವೊಂದು ಗುಂಪು ಮಾಡೋಣ’ ಅಂತ ಹೊರಡುತ್ತೀರಿ, ನನಗೆ ಗೊತ್ತು. ಕೊರೋನಾ ಕಾಲದಲ್ಲಿ ನಾವೂ ಮಾಡಿದೆವು. ಮೊದಲ ವಾರ ಓದಿನ ಮಾತು. ಎರಡನೇ ವಾರ ಯಾರೋ ಗೈಡ್ ಪುಸ್ತಕದ ಜಾಹೀರಾತು ಹಾಕಿದರು. ಮೂರನೇ ವಾರ ವರ್ಗಾವಣೆ ಕೌನ್ಸೆಲಿಂಗ್, ಆಮೇಲೆ ಹಳೇ ಪಿಂಚಣಿ. ಮೂರು ತಿಂಗಳಿಗೆ ಬರೀ ಹಬ್ಬದ ಶುಭಾಶಯ. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಬಂತು, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅನ್ನುವ ಗುರಿ. ಅಂಥ ದೊಡ್ಡ ಗುರಿ ಇಟ್ಟುಕೊಂಡವರಿಗೇ ನಿಭಾಯಿಸುವುದು ಕಷ್ಟ, ನಮ್ಮ ಗುಂಪು ಯಾವ ಲೆಕ್ಕ?

ಸೀಮೆಸುಣ್ಣ (ಬುಧವಾರ, ರಾತ್ರಿ 9:15)

ಬೆಲ್ ಸರ್ ಹೇಳಿದ್ದು ನಿಜ. ಅದಕ್ಕೇ ಗುಂಪು ಬೇಡ ಅಂತ ಅಲ್ಲ, ಚಿಕ್ಕದಿರಲಿ ಅಂತ ನನಗೆ ಅನ್ನಿಸುತ್ತೆ. ಐದಾರು ಜನ. ಎಲ್ಲರೂ ಒಂದೇ ತಾಲ್ಲೂಕಿನವರು ಆಗುವುದೂ ಬೇಡ, ಒಂದೇ ತಾಲ್ಲೂಕು ಅಂದರೆ ಮತ್ತೆ ಅದೇ ಭಯ.

ಚೀಟಿ ಮಾಡಿದೆ. ಒತ್ತಕ್ಷರ ಮೇಡಂ, ನೀವು ಹೇಳಿದ್ದೇ ಸರಿ. ಹುಡುಗನಿಗೆ ಮೂಲಾಕ್ಷರ ಪೂರ್ತಿ ಬರುತ್ತೆ, ಒಂದೂ ತಪ್ಪಲಿಲ್ಲ. ಕಾಗುಣಿತದಲ್ಲಿ ಎ ಮತ್ತು ಏ ದೀರ್ಘ ಮಾತ್ರ ಹೆಚ್ಚುಕಮ್ಮಿ. ಬಿದ್ದಿದ್ದು ಮೂರನೇ ಚೀಟಿಯಲ್ಲಿ. ‘ಕತ್ತೆ’ಯನ್ನು ‘ಕತೆ’ ಅಂದ. ‘ಹಳ್ಳಿ’ ‘ಹಳಿ’ ಆಯಿತು, ‘ಬಳ್ಳಿ’ ‘ಬಳಿ’ ಆಯಿತು. ಕೆಳಗೆ ಇರುವುದು ಅವನ ಕಣ್ಣಿಗೆ ಕಾಣುತ್ತಲೇ ಇಲ್ಲವೇನೋ ಅನ್ನುವ ಹಾಗೆ. ರ ಗ ಸ ದ ಅಯಿಂದ ಶುರು ಮಾಡಿದ್ದರೆ ಇನ್ನೂ ಮೂರು ತಿಂಗಳು ಹಾಳು ಮಾಡುತ್ತಿದ್ದೆ.

ಉಳಿದ ಐದು ಮಕ್ಕಳ ಕತೆ ಬೇರೆ ಬೇರೆ ಇದೆ. ಒಬ್ಬಳಿಗೆ ಬೋರ್ಡೇ ಸರಿಯಾಗಿ ಕಾಣುತ್ತಿಲ್ಲ ಅಂತ ಅನುಮಾನ. ಮುಂದೆ ಕೂರಿಸಿದ್ದೇನೆ, ಕಣ್ಣು ತೋರಿಸಲು ಅವರ ಅಮ್ಮನಿಗೆ ಹೇಳಿದ್ದೇನೆ.

ಭಾನುವಾರದ ಬಳಪ (ಗುರುವಾರ, ಬೆಳಗ್ಗೆ 8:05)

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದೇನೆ. ಇಲ್ಲಿ ಭಾನುವಾರ ಒಂದೂವರೆ ಗಂಟೆ ಕನ್ನಡ ಹೇಳಿಕೊಡುತ್ತೇನೆ, ಎಂಟು ಮಕ್ಕಳು. ನಾನು ಟೀಚರ್ ಅಲ್ಲ, ಕಂಪ್ಯೂಟರ್ ಕೆಲಸ, ತರಬೇತಿ ಏನೂ ಇಲ್ಲ. ನಿಮ್ಮ ಮಧ್ಯೆ ಬಾಯಿ ಹಾಕಲು ಸಂಕೋಚ. ಆದರೆ ‘ಕೆಳಗೆ ಇರುವುದು ಕಾಣುತ್ತಿಲ್ಲ’ ಅಂದಿರಲ್ಲ, ನನ್ನ ಎಂಟೂ ಮಕ್ಕಳದ್ದು ಅದೇ ರೋಗ! ಇಂಗ್ಲಿಷ್ ಓದಿ ಅಭ್ಯಾಸ, ಕಣ್ಣು ಎಡದಿಂದ ಬಲಕ್ಕೆ ಓಡುತ್ತೆ, ಕೆಳಗೆ ಇಳಿಯಲ್ಲ. ಒತ್ತನ್ನು ಕೆಂಪು ಬಣ್ಣದಲ್ಲಿ ಬರೆದು ಕೊಟ್ಟೆ. ಕೆಂಪು ಇದ್ದಾಗ ಓದಿದರು, ಕಪ್ಪು ಮಾಡಿದ ಕೂಡಲೇ ಮತ್ತೆ ಬಿಟ್ಟರು. ಏನು ಮಾಡಬೇಕು?

ಒತ್ತಕ್ಷರ (ಗುರುವಾರ, ರಾತ್ರಿ 8:30)

ಸಂಕೋಚ ಬೇಡ, ನನಗೆ ತರಬೇತಿ ಆಗಿಯೂ ಇದು ತಿಳಿಯಲು ಏಳು ವರ್ಷ ಬೇಕಾಯಿತು ಅಂದೆನಲ್ಲ.

ನನ್ನ ಹೆಸರೇ ಒತ್ತಕ್ಷರ ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಎಲ್ಲ ಒತ್ತೂ ಒಂದೇ ಅಲ್ಲ. ಅಕ್ಕ, ಅಪ್ಪ, ಅಜ್ಜ, ಅಣ್ಣ ಬರೆದು ನೋಡಿ. ಕೆಳಗಿನದು ಮೇಲಿನದರ ಮರಿಯಂತೆ ಕಾಣುತ್ತೆ, ತಲಕಟ್ಟು ಇಲ್ಲ ಅಷ್ಟೇ. ಈಗ ಅಮ್ಮ, ಅತ್ತೆ ಬರೆಯಿರಿ. ಕೆಳಗಿನದಕ್ಕೂ ಮೇಲಿನದಕ್ಕೂ ಹೋಲಿಕೆ ಇದೆಯಾ? ತ, ನ, ಮ, ಯ, ರ, ಲ, ಇವುಗಳ ಒತ್ತಿನ ಮುಖವೇ ಬೇರೆ. ನಾವು ಪ್ರೀತಿಯಿಂದ ಮೊದಲು ‘ಅಮ್ಮ’ ಕಲಿಸಲು ಹೋಗುತ್ತೇವೆ, ಮಗುವಿಗೆ ಅದೇ ಕಷ್ಟದ್ದು. ನಾನು ಈಗ ಅಕ್ಕ, ಅಪ್ಪ, ಅಜ್ಜ ಮುಗಿಸಿ ಎರಡು ವಾರ ಬಿಟ್ಟು ಅಮ್ಮನ ಹತ್ತಿರ ಬರುತ್ತೇನೆ.

ಬಣ್ಣದ ಬದಲು ಜೋಡಿ ಪದ ಕೊಡಿ. ಕತೆ-ಕತ್ತೆ, ಹಳಿ-ಹಳ್ಳಿ, ಬಲೆ-ಬಲ್ಲೆ, ಎಲೆ-ಎಲ್ಲೆ. ಎರಡನ್ನೂ ಎರಡು ಚೀಟಿಯಲ್ಲಿ ಬರೆದು, ‘ಅಜ್ಜಿ ಕತ್ತೆ ಹೇಳಿದಳು’ ಅಂತ ಓದಿ, ಅವರೇ ‘ಅಯ್ಯೋ ಅಲ್ಲ’ ಅನ್ನಲಿ, ಸರಿಯಾದ ಚೀಟಿ ಎತ್ತಲಿ. ಒತ್ತು ಬಿಟ್ಟರೆ ಅರ್ಥ ಕೆಡುತ್ತೆ ಅಂತ ಅನುಭವ ಆದ ಮೇಲೆ ಕಣ್ಣು ತಾನೇ ಕೆಳಗೆ ಇಳಿಯುತ್ತೆ. ಬಣ್ಣ ನೀವು ಕೊಟ್ಟ ಸಹಾಯ, ಅರ್ಥ ಅವರದೇ.

ಅರ್ಕಾವತ್ತು ಮಾತ್ರ ಕೊನೆಗೆ. ಬಾಯಲ್ಲಿ ಮೊದಲು ಬರುವ ರ್ ಬರೆಯುವಾಗ ಹಿಂದೆ ಹೋಗಿ ಕೂರುತ್ತೆ. ನಮ್ಮ ಮಕ್ಕಳು ಅವರ ರಾಜ್ಯದ ಹೆಸರನ್ನೇ ‘ಕನಾರಟಕ’ ಅಂತ ಓದುತ್ತಾರೆ, ಅವರ ತಪ್ಪೇನೂ ಇಲ್ಲ, ಬರೆದಿರುವುದು ಹಾಗೇ ಇದೆ.

ಪಂಚಾಯ್ತಿ ಕಪಾಟು (ಶುಕ್ರವಾರ, ಬೆಳಗ್ಗೆ 11:00)

ನಾನು ಶಿಕ್ಷಕನಲ್ಲ, ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಈಗ ಅರಿವು ಕೇಂದ್ರ ಅಂತಾರೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳು ಬರುತ್ತಾರೆ. ಓದು ಬರದ ದೊಡ್ಡ ಮಕ್ಕಳು ದಪ್ಪ ಪುಸ್ತಕ ತೆಗೆದುಕೊಂಡು ಸುಮ್ನೆ ಪುಟ ತಿರುಗಿಸುತ್ತಾರೆ, ಚಿಕ್ಕ ಪುಸ್ತಕ ಹಿಡಿದರೆ ಮರ್ಯಾದೆ ಹೋಗುತ್ತೆ ಅಂತ. ನಾನು ಒಂದು ಉಪಾಯ ಮಾಡುತ್ತೇನೆ. ‘ನಿನ್ನ ತಂಗಿಗೆ ಓದಿ ಹೇಳು, ಮನೆಗೆ ಒಯ್ಯಿ’ ಅಂತ ಎರಡು ಸಾಲಿನ ಚಿತ್ರಪುಸ್ತಕ ಕೊಡುತ್ತೇನೆ. ತಂಗಿ ಇಲ್ಲದವರಿಗೆ ಪಕ್ಕದ ಮನೆ ಮಗು. ಎಲ್ಲರೂ ಓದಿ ಹೇಳುತ್ತಾರೆ ಅಂತ ಅಲ್ಲ, ಆದರೆ ಪುಸ್ತಕ ತಲೆ ತಗ್ಗಿಸದೆ ಒಯ್ಯುತ್ತಾರೆ.

ಮೂರನೇ ಬೆಂಚು (ಶುಕ್ರವಾರ, ರಾತ್ರಿ 9:00)

ಕಪಾಟು ಸರ್, ಇದು ನಾಳೆಯಿಂದಲೇ ನಮ್ಮಲ್ಲೂ. ಪುಸ್ತಕ ಸಾಲದವರು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ, ಕನ್ನಡ ಕತೆಗಳು ಹಂತ ಹಂತವಾಗಿ ಇವೆ, ದುಡ್ಡಿಲ್ಲ, ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಹಂತದ ಸಂಖ್ಯೆ ಮಾತ್ರ ಮಕ್ಕಳಿಗೆ ಕಾಣದ ಹಾಗೆ ಮುಚ್ಚಿ.

ಸೀಮೆಸುಣ್ಣ (ಶನಿವಾರ, ಸಂಜೆ 4:20)

ಸರಿ, ಆರು ಜನ ಆದೆವು. ಗುರುವಾರ ರಾತ್ರಿ ಎಂಟಕ್ಕೆ ಫೋನಿನಲ್ಲಿ ಸೇರುವುದು, ಒಂಬತ್ತಕ್ಕೆ ಮುಗಿಸುವುದು (ಅಡುಗೆ ಮನೆ ಯಾರೂ ನೋಡಿಕೊಳ್ಳಲ್ಲ, ಅಲ್ವಾ). ಒಬ್ಬರು ಒಂದು ಮಗುವಿನ ಓದು ತರಬೇಕು, ಎರಡು ನಿಮಿಷದ ಧ್ವನಿ ಮತ್ತು ಅದು ಓದಿದ ಚೀಟಿ. ಮಗುವಿನ ಹೆಸರು, ಫೋಟೋ, ಊರು ಬೇಡ. ಚೆನ್ನಾಗಿ ಓದಿದ ಮಗುವಿನದು ತರಬೇಡಿ, ಅದನ್ನು ತೋರಿಸಲು ಬೇರೆ ಗುಂಪುಗಳು ಬೇಕಾದಷ್ಟಿವೆ. ಶೇಕಡಾವಾರು ಲೆಕ್ಕ ಯಾರೂ ಕೇಳುವ ಹಾಗಿಲ್ಲ. ಯಾರಾದರೂ ತಮ್ಮ ಕತೆ ಹೇಳುವಾಗ ‘ನಮ್ಮಲ್ಲಿ ಈ ಸಮಸ್ಯೆ ಇಲ್ಲ’ ಅನ್ನುವುದೂ ಬೇಡ, ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ.

ಬೆಲ್ ಸರ್, ಸಮಯ ನೋಡಿಕೊಳ್ಳುವುದು ನೀವೇ.

ಬೆಲ್ ಹೊಡೀತು (ಶನಿವಾರ, ಸಂಜೆ 4:45)

ಹೆಸರು ಇಟ್ಟುಕೊಂಡ ತಪ್ಪಿಗೆ. ಆಯಿತು. ಮೂರು ತಿಂಗಳು ಆಗಲಿ, ಆಮೇಲೆ ಮಾತಾಡೋಣ.

ಸೀಮೆಸುಣ್ಣ (ಐದು ವಾರದ ನಂತರ, ಗುರುವಾರ, ರಾತ್ರಿ 9:20)

ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ. ಐದು ಗುರುವಾರದಲ್ಲಿ ನಾಲ್ಕು ನಡೆದವು, ಒಂದು ದಿನ ನಮ್ಮೂರಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ. ಭಾನುವಾರದ ಬಳಪ ಅವರು ಅಲ್ಲಿನ ಬೆಳಗ್ಗೆ ಕಾಫಿ ಹಿಡಿದು ಕೂರುತ್ತಾರೆ. ಹಳೇ ತಟ್ಟೆ ಸರ್‌ಗೆ ಮೈಕ್ ಆಫ್ ಮಾಡಲು ಇನ್ನೂ ಬಂದಿಲ್ಲ, ಅವರ ಮನೆಯ ಟಿವಿ ಧಾರಾವಾಹಿ ಎಲ್ಲರಿಗೂ ಬಾಯಿಪಾಠ ಆಗಿದೆ.

ಹುಡುಗ ‘ಹಳ್ಳಿ’, ‘ಬಳ್ಳಿ’ ಓದುತ್ತಾನೆ. ‘ಅಮ್ಮ’ ಓದುತ್ತಾನೆ. ‘ರಾತ್ರಿ’, ‘ಸೂರ್ಯ’ ಬಂದರೆ ಇನ್ನೂ ನನ್ನ ಮುಖ ನೋಡುತ್ತಾನೆ. ಆರು ಮಕ್ಕಳಲ್ಲಿ ಒಬ್ಬಳು ಕನ್ನಡಕ ಹಾಕಿಕೊಂಡು ಬಂದಳು. ಅವಳದ್ದು ಓದಿನ ತೊಂದರೆಯೇ ಆಗಿರಲಿಲ್ಲ. ಎಷ್ಟು ಬೈದಿದ್ದೆ ಅವಳಿಗೆ. ಒಬ್ಬನಿಗೆ ಏನು ಮಾಡಿದರೂ ಹತ್ತುತ್ತಿಲ್ಲ, ಮುಂದಿನ ವಾರ ಅವನ ಧ್ವನಿ ತರುತ್ತೇನೆ. ತಾಂಡಾ ದಾರಿಯವರ ಉಳ್ಳಾಗಡ್ಡಿ ಹುಡುಗಿ ಅಪ್ಪ-ಅಮ್ಮನ ಜೊತೆ ಊರು ಬಿಟ್ಟಿದ್ದಾಳೆ. ಹೋಗುವಾಗ ಅಕ್ಕೋರು ಅವಳ ಚೀಲಕ್ಕೆ ನಾಲ್ಕು ಪುಸ್ತಕ ಹಾಕಿದ್ದಾರೆ.

ಹೊಸ ಹಾಜರಿ (ಗುರುವಾರ, ರಾತ್ರಿ 10:40)

ಎಲ್ಲ ಓದಿದೆ, ಒಂದೇ ಗುಟುಕಿಗೆ. ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳು. ಐದನೇ ತರಗತಿ. ನನ್ನ ಕ್ಲಾಸಿನಲ್ಲಿ ಎಷ್ಟು ಮಕ್ಕಳಿಗೆ ಬರಲ್ಲ ಅಂತ ಇಲ್ಲಿ ಬರೆಯಲೂ ಕೈ ನಡುಗುತ್ತೆ. ಹೆಡ್‌ಮಾಸ್ಟರಿಗೂ ಹೇಳಿಲ್ಲ. ನಾನೂ ಬರಬಹುದಾ?

ಸೀಮೆಸುಣ್ಣ (ಗುರುವಾರ, ರಾತ್ರಿ 10:44)

ಬನ್ನಿ. ಎಷ್ಟು ಮಕ್ಕಳು ಅಂತ ಬೇಡ, ಒಂದು ಮಗುವಿನದು ಸಾಕು. ಮೂರು ಚೀಟಿ ಮಾಡಿ, ಓದಿಸಿ, ಮಗು ಏನು ಅಂದಿತೋ ಹಾಗೇ ಬರೆದುಕೊಳ್ಳಿ. ಪಾಠದ ಪುಸ್ತಕದಿಂದ ಮಾತ್ರ ಬೇಡ.

ಹಳೇ ತಟ್ಟೆ (ಗುರುವಾರ, ರಾತ್ರಿ 10:52)

ಮತ್ತೆ ಮೈಕ್ ಆಫ್ ಮಾಡುವುದು ಯಾರಾದರೂ ಹೇಳಿಕೊಡಿ, ನನ್ನನ್ನೂ ಒಬ್ಬ ವಿದ್ಯಾರ್ಥಿ ಅಂದುಕೊಂಡು.